‘ನಾಳಿಂದ ಬರಬ್ಯಾಡ’ ಅಂದರೆ ಕೆಲಸ ಹೋಯಿತೇ?

ರಾಯಚೂರು ಸೀಮೆಯಲ್ಲಿ ಕೆಲಸ ಹೋಗುವುದು ಹೆಚ್ಚಾಗಿ ಎರಡೇ ಪದಗಳಲ್ಲಿ: ‘ನಾಳಿಂದ ಬರಬ್ಯಾಡ.’ ಜಿನ್ನಿಂಗ್ ಮಿಲ್ಲಾದರೆ ಮುಕಾದಮ್ ಹೇಳುತ್ತಾನೆ, ಗೊಬ್ಬರದ ಅಂಗಡಿಯಾದರೆ ಸಾವುಕಾರರೇ ಹೇಳುತ್ತಾರೆ. ಖಾಸಗಿ ಶಾಲೆಯಾದರೆ ಯಾರೂ ಏನೂ ಹೇಳುವುದಿಲ್ಲ. ಬೇಸಿಗೆ ರಜೆ ಮುಗಿಸಿ ಹೋದರೆ ವೇಳಾಪಟ್ಟಿಯಲ್ಲಿ ಹೆಸರಿರುವುದಿಲ್ಲ, ಅಷ್ಟೆ. ಯರಗೇರಾದಿಂದ ಬೆಳಗಿನ ಬಸ್ಸು ಹತ್ತಿ ರಾಯಚೂರಿಗೆ ದುಡಿಯಲು ಹೋಗುವವರಿಗಾಗಲಿ, ಮಾನ್ವಿ ಕಡೆಯ ಅಕ್ಕಿ ಗಿರಣಿಗಳ ಹಮಾಲರಿಗಾಗಲಿ, ದೇವದುರ್ಗದಿಂದ ಬೆಂಗಳೂರಿಗೆ ಹೋಗಿ ಕಂಪನಿ ಸೇರಿದ ಹುಡುಗರಿಗಾಗಲಿ ಇದು ಹೊಸದಲ್ಲ. ಹಾಗೆ ಹೇಳಿದ ಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಕೆಲಸ ಹೋಯಿತೇ? ಬಹಳ ಸಲ ಇಲ್ಲ.

ಹಾಗಂತ ಕೆಲಸಗಾರರನ್ನು ತೆಗೆಯಲೇಬಾರದು ಎಂದೂ ಕಾನೂನು ಹೇಳಿಲ್ಲ. ತೆಗೆಯಬಹುದು. ಅದಕ್ಕೆ ಕಾರಣ ಇರಬೇಕು, ಆ ಕಾರಣವನ್ನು ತೋರಿಸಿಕೊಡಬೇಕು, ತೀರ್ಮಾನಕ್ಕೆ ಬರುವ ಮೊದಲು ಎದುರಿನವರ ಮಾತು ಕೇಳಬೇಕು. ನಮ್ಮ ಕಡೆ ವ್ಯವಹಾರ ಕೆಡುವುದು ಮೊದಲನೆಯದರಲ್ಲಿ ಅಲ್ಲ, ಉಳಿದ ಎರಡರಲ್ಲಿ. ಕಾರಣವೇ ಇಲ್ಲದೆ ತೆಗೆದ ಮಾಲೀಕರು ಸೋಲುವುದು ಇದ್ದದ್ದೇ. ಗಟ್ಟಿ ಕಾರಣ ಇದ್ದೂ ಒಂದು ಕಾಗದ ಬರೆಯದೆ ಸೋಲುವವರನ್ನು ನೋಡಿದರೆ ಅಯ್ಯೋ ಎನಿಸುತ್ತದೆ.

ಮೊದಲು, ನೀವು ಯಾವ ಕಾನೂನಿನಡಿ ಬರುತ್ತೀರಿ?

ಕಾರ್ಖಾನೆ, ಮಿಲ್ಲು, ಗಿರಣಿ, ಸಾರಿಗೆಯಂಥ ಕಡೆ ದುಡಿಯುವವರಿಗೆ ದಶಕಗಳ ಕಾಲ ಆಸರೆಯಾಗಿದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಹೆಸರು ಬದಲಾಗಿದೆ, ಕೆಲವು ಲೆಕ್ಕಗಳೂ ಬದಲಾಗಿವೆ. ಕಾರಣ ಬೇಕು, ವಿಚಾರಣೆ ಬೇಕು ಎಂಬ ತಿರುಳು ಹಾಗೇ ಇದೆ. ಹಳೆಯ ಕಾಯ್ದೆಯಡಿ ಸುಪ್ರೀಂ ಕೋರ್ಟು ಕಟ್ಟಿಕೊಟ್ಟ ತತ್ವಗಳನ್ನೇ ಇಂದಿಗೂ ಹಿಡಿದು ವಾದಿಸುತ್ತಾರೆ. ಮ್ಯಾನೇಜರರು ಈ ರಕ್ಷಣೆಯಿಂದ ಹೊರಗೆ. ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಗಾರದ ಮೇಲ್ವಿಚಾರಕರೂ ಹೊರಗೆ. ಆದರೆ ಹುದ್ದೆಯ ಹೆಸರು ‘ಸೂಪರ್‌ವೈಸರ್’ ಎಂದಿದ್ದರೆ ಸಾಲದು. ದಿನವಿಡೀ ನಿಜವಾಗಿ ಮಾಡುವ ಕೆಲಸ ಯಾವುದು ಎಂಬುದನ್ನೇ ನ್ಯಾಯಾಲಯ ನೋಡುವುದು.

ಅಂಗಡಿ, ಹೋಟೆಲ್, ಕಚೇರಿಗಳಿಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ 39ನೇ ಕಲಮು ಬಹಳ ಮಂದಿಗೆ ಗೊತ್ತೇ ಇಲ್ಲ. ಆರು ತಿಂಗಳು ಸತತ ದುಡಿದವರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸನ್ನೋ ಆ ತಿಂಗಳ ಪಗಾರವನ್ನೋ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ವಿಚಾರಣೆಯಲ್ಲಿ ಸಾಬೀತಾಗಿದ್ದರೆ ಮಾತ್ರ ನೋಟೀಸಿನ ಹಂಗಿಲ್ಲ. ಹೀಗೆ ಕೆಲಸದಿಂದ ತೆಗೆದದ್ದರ ವಿರುದ್ಧ ಮೇಲ್ಮನವಿಗೂ ದಾರಿ ಇದೆ.

ಶಿಕ್ಷಕರ ದಾರಿಯೇ ಬೇರೆ. ಶಿಕ್ಷಕರು ಈ ಅರ್ಥದ ‘ಕಾರ್ಮಿಕ’ರಲ್ಲ ಎಂದು ಸುಪ್ರೀಂ ಕೋರ್ಟು 1988ರಲ್ಲೇ ಹೇಳಿಬಿಟ್ಟಿದೆ. ಹೀಗಾಗಿ ಕಾರ್ಮಿಕ ಅಧಿಕಾರಿಯ ಕಚೇರಿಗೆ ಹೋದ ಮೇಷ್ಟ್ರು ಬರಿಗೈಯಲ್ಲಿ ವಾಪಸು ಬರುತ್ತಾರೆ. ಅವರು ಹಿಡಿಯಬೇಕಾದದ್ದು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯನ್ನು. ಆ ಕಾಯ್ದೆಗೆ ಒಳಪಟ್ಟ ಖಾಸಗಿ ಶಿಕ್ಷಣ ಸಂಸ್ಥೆ ವಿಚಾರಣೆ ಇಲ್ಲದೆ ನೌಕರರನ್ನು ವಜಾ ಮಾಡುವಂತಿಲ್ಲ ಎನ್ನುತ್ತದೆ 92ನೇ ಕಲಮು. 94ನೇ ಕಲಮಿನ ಪ್ರಕಾರ ಆದೇಶ ಕೈಸೇರಿದ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಆ ಮೂರು ತಿಂಗಳನ್ನು ಆಡಳಿತ ಮಂಡಳಿಯವರ ಮನೆಗೆ ಅಲೆಯುವುದರಲ್ಲಿ ಕಳೆದುಕೊಳ್ಳಬೇಡಿ.

ಯಾವುದು ಸರಿಯಾದ ಕಾರಣ?

ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆ ನಡತೆ, ಸಾಮರ್ಥ್ಯ, ಕೆಲಸವೇ ಇಲ್ಲದಿರುವುದು ಮುಂತಾದ ಐದು ಬಗೆಯ ಕಾರಣಗಳನ್ನು ಎಣಿಸಿ ಹೇಳುತ್ತದೆ. ಅಮೆರಿಕದ ಬಹುಪಾಲು ಕಡೆ ಮಾಲೀಕ ಕಾರಣ ಹೇಳುವ ಗೋಜಿಗೇ ಹೋಗಬೇಕಿಲ್ಲ. ನಮ್ಮದು ಎರಡೂ ಅಲ್ಲ. ನಮ್ಮಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ: ಕೆಲಸಗಾರನ ತಪ್ಪಿಗೆ ತೆಗೆಯುವುದು ಒಂದು, ತಪ್ಪೇನೂ ಇಲ್ಲದೆ ತೆಗೆಯುವುದು ಇನ್ನೊಂದು. ಎರಡಕ್ಕೂ ನಿಯಮ ಬೇರೆ. ಒಂದನ್ನು ಇನ್ನೊಂದರ ವೇಷ ಹಾಕಿ ಮಾಡಿದಾಗಲೇ ಮೊಕದ್ದಮೆ ಹುಟ್ಟುವುದು.

ತಪ್ಪಿನ ಪಟ್ಟಿಯನ್ನು ದೊಡ್ಡ ಸಂಸ್ಥೆಗಳಲ್ಲಿ ಸ್ಥಾಯೀ ಆದೇಶಗಳು, ಅಂದರೆ ಕೆಲಸದ ಷರತ್ತುಗಳನ್ನು ಬರೆದಿಟ್ಟ ನಿಯಮಗಳು, ಹೇಳುತ್ತವೆ. ಕಳ್ಳತನ, ವಂಚನೆ, ಬೇಕೆಂದೇ ಮಾತು ಮೀರುವುದು, ಮಾಲೀಕರ ಸೊತ್ತನ್ನು ಬೇಕೆಂದೇ ಹಾಳು ಮಾಡುವುದು, ಲಂಚ, ಕೆಲಸದ ಜಾಗದಲ್ಲಿ ಹೊಡೆದಾಟ, ರಜೆ ಹೇಳದೆ ಪದೇಪದೇ ತಪ್ಪಿಸುವುದು, ರೂಢಿಯಾಗಿ ಹೋದ ನಿರ್ಲಕ್ಷ್ಯ. ಲೈಂಗಿಕ ಕಿರುಕುಳವೂ ದುರ್ನಡತೆಯೇ. ಅದರ ವಿಚಾರಣೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿಯ ಮುಂದೆ ನಡೆಯುತ್ತದೆ. ಈ ಪಟ್ಟಿಯಲ್ಲಿ ‘ಪದೇಪದೇ’, ‘ಬೇಕೆಂದೇ’, ‘ರೂಢಿಯಾಗಿ’ ಎಂಬ ಪದಗಳ ಮೇಲೆ ಬೆರಳಿಟ್ಟು ಓದಬೇಕು. ಒಂದು ದಿನ ತಡವಾಗಿ ಬಂದದ್ದು ಎಚ್ಚರಿಕೆ ಪತ್ರಕ್ಕೆ ಕಾರಣವಾದೀತು, ವಜಾಕ್ಕಲ್ಲ. ಹೊಸ ಸಂಹಿತೆಯಲ್ಲಿ ಸ್ಥಾಯೀ ಆದೇಶ ಕಡ್ಡಾಯವಾಗುವುದು 300 ಕಾರ್ಮಿಕರಿದ್ದಲ್ಲಿ. ಹಿಂದೆ ಕರ್ನಾಟಕದಲ್ಲಿ 50 ಮಂದಿ ಇದ್ದರೆ ಸಾಕಿತ್ತು. ನಮ್ಮ ಜಿಲ್ಲೆಯ ಮಿಲ್ಲುಗಳ ಮಟ್ಟಿಗೆ ಇದು ನಷ್ಟವೇ, ಏಕೆಂದರೆ 300 ಮಂದಿಯ ಮಿಲ್ಲು ಎಷ್ಟಿದ್ದಾವು? ಆದರೂ ಸ್ಥಾಯೀ ಆದೇಶ ಇಲ್ಲ ಎಂದ ಮಾತ್ರಕ್ಕೆ ಸಹಜ ನ್ಯಾಯ ಇಲ್ಲ ಎಂದಾಗುವುದಿಲ್ಲ.

ಎಷ್ಟು ತಪ್ಪಿಗೆ ಎಷ್ಟು ಶಿಕ್ಷೆ ಎಂಬ ಪ್ರಶ್ನೆಗೆ ಎರಡು ಪ್ರಕರಣ ನೋಡಿ. ನಮ್ಮದೇ ರಾಜ್ಯ ರಸ್ತೆ ಸಾರಿಗೆ ನಿಗಮದ ನಿರ್ವಾಹಕರೊಬ್ಬರು ಪ್ರಯಾಣಿಕರಿಂದ ಹೆಚ್ಚು ದುಡ್ಡು ಪಡೆದು ಕಡಿಮೆ ಬೆಲೆಯ ಟಿಕೆಟ್ ಕೊಟ್ಟಿದ್ದರು. ‘ಹುಲ್ಲಿಕಟ್ಟಿ ಪ್ರಕರಣ’ ಎಂದೇ ವಕೀಲರ ಬಾಯಲ್ಲಿರುವ ಇದರಲ್ಲಿ, 2001ರಲ್ಲಿ ಸುಪ್ರೀಂ ಕೋರ್ಟು ವಜಾವನ್ನು ಎತ್ತಿಹಿಡಿಯಿತು. ದುಡ್ಡು ಸಣ್ಣದು, ಮುರಿದ ನಂಬಿಕೆ ಸಣ್ಣದಲ್ಲ ಎಂಬುದು ಅದರ ಸಾರ. ಇನ್ನೊಂದು ಪುಣೆಯ ಭಾರತ್ ಫೋರ್ಜ್ ಕಾರ್ಖಾನೆಯದು. ಹಾಡಹಗಲು ಕೆಲಸದ ವೇಳೆಯಲ್ಲಿ ಮಲಗಿದ್ದವನನ್ನು ವಿಚಾರಣೆ ನಡೆಸಿ ವಜಾ ಮಾಡಿದ್ದು ಸರಿ ಎಂದು 2005ರಲ್ಲಿ ತೀರ್ಪಾಯಿತು. ನಿದ್ದೆಗೆ ವಜಾ ಎಂದು ಕೇಳಿದರೆ ಕಠಿಣ ಎನಿಸೀತು. ಆದರೆ ಅವನ ಕಡತದಲ್ಲಿ ಅದಕ್ಕೂ ಮೊದಲೇ ಮೂರು ಸಲ ತಪ್ಪು ದಾಖಲಾಗಿತ್ತು. ಹಳೆಯ ಎಚ್ಚರಿಕೆ ಪತ್ರಗಳಿಗೆ ಬೆಲೆ ಬರುವುದು ಇಂಥಲ್ಲಿ. ಶಿಕ್ಷೆ ವಿಪರೀತವಾಯಿತು ಎನಿಸಿದರೆ ಅದನ್ನು ಇಳಿಸುವ ಅಧಿಕಾರ ನ್ಯಾಯಮಂಡಳಿಗೆ 1971ರಿಂದಲೂ ಇದೆ, ಹೊಸ ಸಂಹಿತೆಯಲ್ಲೂ ಇದೆ.

ಆರೋಪ ಪಟ್ಟಿಯನ್ನು ಹತ್ತಿರದಿಂದ ನೋಡೋಣ

ಜಿನ್ನಿಂಗ್ ಮಿಲ್ಲೊಂದರಲ್ಲಿ ಕಳ್ಳತನದ ಅನುಮಾನ ಬಂತು ಎಂದುಕೊಳ್ಳಿ. ಸಾಮಾನ್ಯವಾಗಿ ಬರೆಯುವ ಕಾಗದ ಹೀಗಿರುತ್ತದೆ: ‘ನೀವು ಇತ್ತೀಚೆಗೆ ಶಿಸ್ತಿಲ್ಲದೆ ವರ್ತಿಸುತ್ತಿದ್ದು, ಮಿಲ್ಲಿನ ಸಾಮಾನಿಗೆ ಕೈ ಹಾಕಿರುತ್ತೀರಿ. ಆದ್ದರಿಂದ ನಿಮ್ಮನ್ನು ಕೆಲಸದಿಂದ ತೆಗೆಯಲಾಗಿದೆ.’ ಇದರಲ್ಲಿ ದಿನಾಂಕವಿಲ್ಲ, ಸಾಮಾನು ಯಾವುದೆಂದಿಲ್ಲ, ನೋಡಿದವರಿಲ್ಲ. ಉತ್ತರ ಕೇಳುವ ಮೊದಲೇ ತೀರ್ಪೂ ಬಂದುಬಿಟ್ಟಿದೆ. ಇಂಥ ಕಾಗದ ಹಿಡಿದು ನ್ಯಾಯಮಂಡಳಿಗೆ ಹೋದ ಮಾಲೀಕರ ವಕೀಲರಿಗೆ ಹೇಳಲು ಏನೂ ಉಳಿದಿರುವುದಿಲ್ಲ.

ಇದೇ ಸಂಗತಿ ಸರಿಯಾಗಿ ಬರೆದರೆ: ‘ಜನವರಿ 12ರ ರಾತ್ರಿ ಪಾಳಿಯಲ್ಲಿ ಸುಮಾರು 2 ಗಂಟೆಗೆ, ಹಿಂಬಾಗಿಲಿನಿಂದ ಎರಡು ಚೀಲ ಅರಳೆ ಹೊರಗೆ ಸಾಗಿಸುತ್ತಿದ್ದಿರಿ ಎಂದು ಕಾವಲುಗಾರರು ವರದಿ ಮಾಡಿದ್ದಾರೆ. ಅವರ ಹೇಳಿಕೆ ಮತ್ತು ಗೇಟ್ ಪುಸ್ತಕದ ಪುಟದ ಪ್ರತಿ ಲಗತ್ತಿಸಿದೆ. ಏಳು ದಿನದೊಳಗೆ ನಿಮ್ಮ ಲಿಖಿತ ಸಮಜಾಯಿಷಿ ಕೊಡಿ.’ ಎಷ್ಟು ಹೊತ್ತಿಗೆ, ಎಲ್ಲಿ, ಏನು, ಯಾರು ಕಂಡರು ಎಲ್ಲವೂ ಇದೆ. ‘ವರದಿ ಮಾಡಿದ್ದಾರೆ’ ಎಂಬ ಮಾತನ್ನು ಗಮನಿಸಿ. ಇನ್ನೂ ಆರೋಪವೇ, ತೀರ್ಮಾನವಲ್ಲ.

ಸಮಜಾಯಿಷಿ ಒಪ್ಪಿಗೆಯಾಗದಿದ್ದರೆ ವಿಚಾರಣೆ. ದೂರು ಕೊಟ್ಟವರೇ ವಿಚಾರಣಾಧಿಕಾರಿಯ ಕುರ್ಚಿಯಲ್ಲಿ ಕೂರುವಂತಿಲ್ಲ. ಸಾಕ್ಷಿಗಳು ಆರೋಪಿಯ ಎದುರೇ ಹೇಳಬೇಕು, ಅವರನ್ನು ಪಾಟೀಸವಾಲು ಮಾಡಲು ಬಿಡಬೇಕು, ಅವನ ಕಡೆಯ ಸಾಕ್ಷಿಗಳನ್ನೂ ಕೇಳಬೇಕು, ಕೊನೆಗೆ ವರದಿಯ ಪ್ರತಿ ಕೊಡಬೇಕು. ಇವೆಲ್ಲ ಅರ್ಥವಾಗುವ ಭಾಷೆಯಲ್ಲಿ ನಡೆಯಬೇಕು. ಇಂಗ್ಲಿಷಿನ ಕಾಗದ ಕೈಗೆ ಬಂದರೆ ‘ಕನ್ನಡದಲ್ಲಿ ಕೊಡಿ’ ಎಂದು ಬರೆದು ಕೇಳಿ. ಅರ್ಥವಾಗದ್ದಕ್ಕೆ ಸಹಿ ಹಾಕಬೇಡಿ. ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿ ಇಟ್ಟರೆ ಮೊದಲ 90 ದಿನ ಅರ್ಧ ಪಗಾರ, ಆಮೇಲೂ ಎಳೆದರೆ, ತಡ ಕಾರ್ಮಿಕನಿಂದ ಆಗಿಲ್ಲದಿದ್ದರೆ, ಮುಕ್ಕಾಲು ಪಗಾರ ಜೀವನಾಧಾರ ಭತ್ಯೆಯಾಗಿ ಸಲ್ಲಬೇಕು. ವಿಚಾರಣೆಯನ್ನೇ ಸಾಮಾನ್ಯವಾಗಿ 90 ದಿನದೊಳಗೆ ಮುಗಿಸಬೇಕು ಎನ್ನುತ್ತದೆ ಹೊಸ ಸಂಹಿತೆ.

ಮಾಲೀಕರಿಗೆ ಒಂದು ಕಿವಿಮಾತು. ವಿಚಾರಣೆ ನಡೆಸದೆ ತೆಗೆದಿದ್ದರೂ ನ್ಯಾಯಾಲಯದಲ್ಲೇ ತಪ್ಪನ್ನು ಸಾಬೀತು ಮಾಡಲು ಅವಕಾಶವಿದೆ. ಆದರೆ ಆ ಅವಕಾಶವನ್ನು ಮೊದಲ ಲಿಖಿತ ಹೇಳಿಕೆಯಲ್ಲೇ ಕೇಳಿಕೊಳ್ಳಬೇಕು. ಇದನ್ನು 2001ರಲ್ಲಿ ಸಂವಿಧಾನ ಪೀಠ ಹೇಳಿದ್ದು ನಮ್ಮದೇ ಸಾರಿಗೆ ನಿಗಮದ ಲಕ್ಷ್ಮೀದೇವಮ್ಮ ಪ್ರಕರಣದಲ್ಲಿ.

‘ಅವನೇ ಬಿಟ್ಟು ಹೋದ’

ನಮ್ಮ ಭಾಗದಲ್ಲಿ ಅತಿ ಹೆಚ್ಚು ಕೇಳುವ ಸಬೂಬು ಇದು. ಊರಲ್ಲಿ ಹತ್ತಿ ಬಿಡಿಸುವ ಕೆಲಸ, ಜಾತ್ರೆ, ಮನೆಯಲ್ಲಿ ಕಾಯಿಲೆ ಎಂದು ಎರಡು ವಾರ ಹೋದವನು ಮರಳುವಷ್ಟರಲ್ಲಿ ಅವನ ಜಾಗಕ್ಕೆ ಬೇರೊಬ್ಬ ಬಂದಿರುತ್ತಾನೆ. ರಜೆ ಹೇಳದೆ ಹೋದದ್ದು ತಪ್ಪೇ. ಆದರೆ ಅಷ್ಟಕ್ಕೇ ಕೆಲಸ ತಾನಾಗಿ ಹೋಗುವುದಿಲ್ಲ. ‘ಎಂಟು ದಿನ ಮೀರಿ ಬಾರದಿದ್ದರೆ ಕೆಲಸ ತಾನಾಗಿ ಹೋಗುತ್ತದೆ’ ಎಂಬ ಸ್ಥಾಯೀ ಆದೇಶವೇ ಇದ್ದ ಡಿ.ಕೆ. ಯಾದವ್ ಪ್ರಕರಣದಲ್ಲೂ, ಕೇಳದೆ ತೆಗೆದದ್ದು ಸಲ್ಲದು ಎಂದು ಸುಪ್ರೀಂ ಕೋರ್ಟು 1993ರಲ್ಲಿ ಹೇಳಿತು. ಹೊಟ್ಟೆಪಾಡು ಬದುಕುವ ಹಕ್ಕಿನ ಭಾಗ ಎಂಬ ನೆಲೆಯಲ್ಲಿ ಬಂದ ತೀರ್ಪದು. ಅವನಿಗೆ ಕೆಲಸ ವಾಪಸು ಸಿಕ್ಕಿತು, ಹಿಂಬಾಕಿ ಪಗಾರ ಅರ್ಧ ಮಾತ್ರ.

ಹಾಗಾಗಿ ಮಾಲೀಕರು ಊರಿನ ವಿಳಾಸಕ್ಕೆ ‘ಕೆಲಸಕ್ಕೆ ಬನ್ನಿ, ಬಾರದ್ದಕ್ಕೆ ಕಾರಣ ತಿಳಿಸಿ’ ಎಂದು ನೋಂದಾಯಿತ ಅಂಚೆಯಲ್ಲಿ ಬರೆಯಬೇಕು. ಕಾರ್ಮಿಕರ ಕಡೆಯಿಂದಲೂ ಇಷ್ಟೇ ಸುಲಭದ ಮದ್ದಿದೆ. ಗೇಟಿನಲ್ಲಿ ತಡೆದರೆ ಅಂದೇ ಒಂದು ಪತ್ರ ಬರೆಯಿರಿ: ‘ಇವತ್ತು ಕೆಲಸಕ್ಕೆ ಬಂದಿದ್ದೆ, ಒಳಗೆ ಬಿಡಲಿಲ್ಲ. ಈಗಲೂ ಕೆಲಸಕ್ಕೆ ಸಿದ್ಧನಿದ್ದೇನೆ.’ ಅಂಚೆ ಕಚೇರಿಯ ರಸೀದಿ ಜೋಪಾನ. ಮುಂದೆ ಸಂಧಾನದಲ್ಲಿ ‘ನಾವು ತೆಗೆದೇ ಇಲ್ಲ ಸರ್, ಅವನೇ ಬಿಟ್ಟ’ ಎಂದಾಗ ಆ ರಸೀದಿಯೇ ಮಾತಾಡುತ್ತದೆ. ಕೆಲಸಕ್ಕೆ ಸೇರುವಾಗ ಬಿಳಿ ಹಾಳೆಗೆ ಸಹಿ ಪಡೆದು, ಬೇಕಾದಾಗ ಅದರ ಮೇಲೆ ‘ಸ್ವಇಚ್ಛೆಯಿಂದ ರಾಜೀನಾಮೆ’ ಬರೆಸಿಕೊಳ್ಳುವ ಆಟಕ್ಕೂ ಇಂಥ ಪತ್ರವೇ ಎದುರೇಟು.

ತಪ್ಪಿಲ್ಲದೆ ತೆಗೆಯುವಾಗ

ಹೊಸ ಯಂತ್ರ ಬಂತು, ವ್ಯಾಪಾರ ಬಿತ್ತು, ನಾಲ್ವರ ಕೆಲಸಕ್ಕೆ ಇಬ್ಬರು ಸಾಕು. ಇದೂ ನ್ಯಾಯವಾದ ಕಾರಣವೇ. ಇಲ್ಲಿ ವಿಚಾರಣೆ ಬೇಡ, ಲೆಕ್ಕ ಬೇಕು. ಒಂದು ವರ್ಷದ ಸತತ ಸೇವೆ ಇದ್ದವರಿಗೆ ಕಾರಣ ಬರೆದ ಒಂದು ತಿಂಗಳ ನೋಟೀಸು ಅಥವಾ ಆ ತಿಂಗಳ ಪಗಾರ, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಪಗಾರ. ಸರ್ಕಾರಕ್ಕೂ ತಿಳಿಸಬೇಕು. ಕೊನೆಗೆ ಸೇರಿದವರು ಮೊದಲು ಹೋಗಬೇಕು. ಆ ಕ್ರಮ ತಪ್ಪಿಸಿದರೆ ಕಾರಣ ಬರೆದಿಡಬೇಕು. ಒಂದು ವರ್ಷದೊಳಗೆ ಮತ್ತೆ ಆಳು ಬೇಕಾದರೆ ಹಿಂದೆ ಕಡಿತಗೊಂಡವರನ್ನೇ ಮೊದಲು ಕರೆಯಬೇಕು. ಹೊಸ ಸಂಹಿತೆಯಲ್ಲಿ ಇದಕ್ಕೆ ಇನ್ನೊಂದು ಸೇರಿದೆ. ಮಾಲೀಕರು ಮರುಕೌಶಲ ನಿಧಿಗೆ 15 ದಿನದ ಪಗಾರ ಕಟ್ಟಬೇಕು, ಅದು ಕಾರ್ಮಿಕನ ಖಾತೆಗೆ ಬರಬೇಕು.

ಸತತ ಸೇವೆ ಎಂದರೆ ಹನ್ನೆರಡು ತಿಂಗಳಲ್ಲಿ 240 ದಿನ. ಪಗಾರ ಸಹಿತ ರಜೆಗಳೂ ಭಾನುವಾರಗಳೂ ಲೆಕ್ಕಕ್ಕೆ ಸೇರುತ್ತವೆ. ಹಂಗಾಮಿನ ಮಿಲ್ಲುಗಳಲ್ಲಿ ಸುಗ್ಗಿಯ ತಿಂಗಳಷ್ಟೇ ದುಡಿಯುವವರಿಗೆ ಈ ಅಂಕಿ ಮುಟ್ಟುವುದೇ ಕಷ್ಟ. ಇನ್ನು ಮುಟ್ಟಿದವರು ಅದನ್ನು ತೋರಿಸುವುದು ಹೇಗೆ?

ಇಲ್ಲಿ ಕರ್ನಾಟಕದ ಎರಡು ಪ್ರಕರಣಗಳನ್ನು ಜೊತೆಯಾಗಿ ಓದಬೇಕು. ಅರಣ್ಯ ಇಲಾಖೆಯ ದಿನಗೂಲಿ ಹದಿಮನಿ ಎಂಬವರು 240 ದಿನ ದುಡಿದಿದ್ದೇನೆ ಎಂದು ಪ್ರಮಾಣಪತ್ರ ಸಲ್ಲಿಸಿದರು. ಅದನ್ನು ಸಾಬೀತು ಮಾಡುವ ಹೊಣೆ ಕಾರ್ಮಿಕನದೇ, ಬರೀ ಅವನ ಪ್ರಮಾಣದ ಮಾತು ಸಾಲದು, ಕೂಲಿ ಪಡೆದ ಪುರಾವೆಯೂ ಇಲ್ಲ, ನೇಮಕದ ದಾಖಲೆಯೂ ಇಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟು ಕೈಬಿಟ್ಟಿತು. ಎಷ್ಟೋ ದಿನಗೂಲಿಗಳ ಆಸೆಗೆ ನೀರೆರಚಿದ ತೀರ್ಪು. ಆಮೇಲೆ ಬಂದದ್ದು ಯಲ್ಲಟ್ಟಿ ಪ್ರಕರಣ. ಇವರೂ ದಿನಗೂಲಿಯೇ. ಆದರೆ ಇವರ ಹತ್ತಿರ ಎಂಜಿನಿಯರ್ ಕೊಟ್ಟ ಸೇವಾ ದೃಢೀಕರಣದ ಒಂದು ಕಾಗದ ಇತ್ತು, ಹಾಜರಿ ಪಟ್ಟಿ ತರಿಸಿ ಎಂದು ಕೇಳಿಯೂ ಇದ್ದರು. ಇಲಾಖೆ ಒಂದಿಷ್ಟು ಪಟ್ಟಿ ತಂದು ಉಳಿದದ್ದನ್ನು ತರಲಿಲ್ಲ. 2005ರ ನವೆಂಬರಿನಲ್ಲಿ ಯಲ್ಲಟ್ಟಿಯವರ ಪರ ತೀರ್ಪಾಯಿತು. ದುಡಿಮೆ ಎರಡರಲ್ಲೂ ದುಡಿಮೆಯೇ. ವ್ಯತ್ಯಾಸ ಒಂದು ಕಾಗದ, ಮತ್ತು ದಾಖಲೆ ತರಿಸಿ ಎಂದು ಬಾಯಿಬಿಟ್ಟು ಕೇಳಿದ್ದು.

ಹಾಗಾಗಿ ಪಗಾರ ಬ್ಯಾಂಕಿಗೆ ಬರುವಂತೆ ನೋಡಿಕೊಳ್ಳಿ. ನಗದಾದರೆ ಚೀಟಿ ಕೇಳಿ. ಪಿಎಫ್, ಇಎಸ್‌ಐ ಸಂಖ್ಯೆ, ಗೇಟ್ ಪಾಸ್, ಹಾಜರಿ ಪುಸ್ತಕದ ಫೋಟೊ, ಮುಕಾದಮ್ ಕಳಿಸಿದ ವಾಟ್ಸ್ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ.

ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಂಥ ಕಡೆ ಗುತ್ತೇದಾರರ ಕೈಕೆಳಗೆ ದುಡಿಯುವವರ ಪಾಡು ಇನ್ನೂ ಸೂಕ್ಷ್ಮ. ಟೆಂಡರ್ ಮುಗಿದು ಗುತ್ತೇದಾರ ಬದಲಾದರೆ ಮೂಲ ಸಂಸ್ಥೆ ತಾನಾಗಿ ನಿಮ್ಮನ್ನು ಕಾಯಂ ಮಾಡಿಕೊಳ್ಳಬೇಕಿಲ್ಲ ಎಂದು 2001ರ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಮಾನವಾಗಿದೆ. ಗುತ್ತಿಗೆಯೇ ಹೆಸರಿಗಷ್ಟೇ ಎಂದು ತೋರಿಸಿಕೊಟ್ಟರೆ ಮಾತು ಬೇರೆ. ಸರ್ಕಾರಿ ಕಚೇರಿ, ವಿಶ್ವವಿದ್ಯಾಲಯಗಳ ದಿನಗೂಲಿಗಳಿಗೆ 2006ರ ಉಮಾದೇವಿ ತೀರ್ಪು ಕಾಯಮಾತಿಯ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ವರ್ಷಗಟ್ಟಲೆ ಕಾಯಂ ಸ್ವರೂಪದ ಕೆಲಸ ಮಾಡಿಸಿಕೊಂಡು ಆ ತೀರ್ಪನ್ನೇ ಗುರಾಣಿ ಮಾಡಿಕೊಳ್ಳಬೇಡಿ ಎಂದು 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಎಚ್ಚರಿಸಿತು. ನಿಗದಿತ ಅವಧಿಯ ಕರಾರು ಮುಗಿದು ಕೆಲಸ ನಿಂತರೆ ಅದು ಕಡಿತವಲ್ಲ. ಆದರೆ ಅಂಥವರಿಗೆ ಗ್ರಾಚ್ಯುಟಿಗೆ ಐದು ವರ್ಷ ತುಂಬಬೇಕೆಂಬ ಷರತ್ತು ಹೊಸ ಸಂಹಿತೆಯಲ್ಲಿ ಇಲ್ಲ.

ಯಾವ ಹೊತ್ತಿಗೂ ಕಾರಣವಾಗಬಾರದ ಸಂಗತಿಗಳೂ ಇವೆ. ಹೆರಿಗೆ ರಜೆಯಲ್ಲಿರುವಾಗ ವಜಾ ಮಾಡುವುದು ಕಾನೂನುಬಾಹಿರ. ಸಂಘ ಸೇರಿದ್ದಕ್ಕೆ, ಕನಿಷ್ಠ ವೇತನ ಕೇಳಿದ್ದಕ್ಕೆ, ಇಲಾಖೆಗೆ ದೂರು ಕೊಟ್ಟಿದ್ದಕ್ಕೆ ಬೇರೇನೋ ನೆಪ ಹೂಡಿ ತೆಗೆಯುವುದು ಅನುಚಿತ ಕಾರ್ಮಿಕ ಪದ್ಧತಿ.

ತೆಗೆದ ಮೇಲೆ

ಮೊದಲು ದುಡ್ಡಿನ ಮಾತು. ವೇತನ ಸಂಹಿತೆಯ ಪ್ರಕಾರ ತೆಗೆದರೂ, ತಾವಾಗಿ ಬಿಟ್ಟರೂ ಎರಡು ಕೆಲಸದ ದಿನದೊಳಗೆ ಬಾಕಿ ಪಗಾರ ಚುಕ್ತಾ ಆಗಬೇಕು. ಪಿಎಫ್ ಹಣಕ್ಕೆ ಯಾರೂ ಕೈ ಹಾಕುವಂತಿಲ್ಲ. ಐದು ವರ್ಷ ತುಂಬಿದವರ ಗ್ರಾಚ್ಯುಟಿಯನ್ನು ಮಾಲೀಕರು ತಮ್ಮ ಸೊತ್ತಿಗೆ ಅವರಿಂದಾದ ಹಾನಿಯಷ್ಟರ ಮಟ್ಟಿಗೆ ಮುರಿದುಕೊಳ್ಳಬಹುದು. ಪೂರ್ತಿ ತಡೆಹಿಡಿಯಲು ಹಿಂಸಾಚಾರ, ನೈತಿಕ ಅಧಃಪತನದಂಥ ಗಂಭೀರ ಕಾರಣವೇ ಬೇಕು. ‘ಪೂರ್ಣ ಹಾಗೂ ಅಂತಿಮ ಪಾವತಿ’ ಎಂಬ ಚೀಟಿಗೆ ಸಹಿ ಹಾಕುವಾಗ, ಒಪ್ಪಿಗೆ ಇಲ್ಲದಿದ್ದರೆ ‘ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಎಂದು ಕೈಬರಹದಲ್ಲಿ ಸೇರಿಸಿ.

ವಿವಾದವಿದ್ದರೆ ರಾಯಚೂರಿನ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಅರ್ಜಿ. ಸಂಘ ಇಲ್ಲದಿದ್ದರೂ ಒಬ್ಬರೇ ಕೊಡಬಹುದು. ಸಂಧಾನ ಮುರಿದರೆ ಆ ವರದಿ ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಹಿಂದಿನ ಕಾಯ್ದೆಯಲ್ಲಿ ಮೂರು ವರ್ಷದ ಗಡುವಿತ್ತು. ಈಗ ವಿವಾದ ಹುಟ್ಟಿ ಎರಡು ವರ್ಷ ದಾಟಿದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ಬಂದವರು ಇದನ್ನು ಮುಖ್ಯವಾಗಿ ನೆನಪಿಡಬೇಕು, ಅವರ ಅರ್ಜಿ ಸಾಮಾನ್ಯವಾಗಿ ಕೆಲಸ ಮಾಡಿದ ಊರಿನ ಕಚೇರಿಗೇ ಸೇರಬೇಕಾಗುತ್ತದೆ.

ಗೆದ್ದರೆ ಏನು ಸಿಕ್ಕೀತು? ಅಕ್ರಮವಾಗಿ ತೆಗೆದಿದ್ದರೆ ಕೆಲಸವೂ ಪೂರ್ಣ ಹಿಂಬಾಕಿ ಪಗಾರವೂ ಸಿಗುವುದು ಸಾಮಾನ್ಯ ನಿಯಮ ಎಂದು 2013ರಲ್ಲಿ ಮಹಾರಾಷ್ಟ್ರದ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ ತೀರ್ಪಾಗಿದೆ. ಅದಕ್ಕೆ ‘ಈ ನಡುವೆ ನನಗೆ ಬೇರೆ ಸಂಪಾದನೆ ಇರಲಿಲ್ಲ’ ಎಂದು ಅರ್ಜಿಯಲ್ಲೇ ಹೇಳಿರಬೇಕು. ದಿನಗೂಲಿಗಳಿಗೆ ನ್ಯಾಯಾಲಯಗಳು ಕೆಲಸದ ಬದಲು ಒಂದಿಷ್ಟು ಇಡಿಗಂಟು ಪರಿಹಾರ ಕೊಟ್ಟು ಮುಗಿಸುವುದೂ ಇದೆ. ವರ್ಷಗಟ್ಟಲೆ ಎಳೆಯುವ ದಾವೆಗಿಂತ ಸಂಧಾನದ ಮೇಜಿನಲ್ಲೇ ಒಳ್ಳೆಯ ಮೊತ್ತಕ್ಕೆ ಕುದುರಿದರೆ ನಾನಂತೂ ಅದನ್ನು ಸೋಲು ಎನ್ನುವುದಿಲ್ಲ.

ವಕೀಲರ ಫೀಸಿನ ಭಯಕ್ಕೆ ಹಿಂಜರಿಯುವವರು ಇನ್ನೊಂದು ಸಂಗತಿ ತಿಳಿದಿರಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಉಚಿತ ನೆರವಿಗೆ ಅರ್ಹರಾದವರ ಸಾಲಿನಲ್ಲಿ ಪರಿಶಿಷ್ಟ ಜಾತಿ-ಪಂಗಡದವರು, ಮಹಿಳೆಯರ ಜೊತೆ ಕೈಗಾರಿಕಾ ಕಾರ್ಮಿಕರನ್ನೂ ಹೆಸರಿಸಿದೆ. ಇವರಿಗೆ ಆದಾಯದ ಮಿತಿಯೂ ಇಲ್ಲ. ಅರ್ಜಿಯನ್ನು ರಾಯಚೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೊಡಬಹುದು. ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವೆಗಳ ಸಮಿತಿಗಳಿವೆ. ಪ್ರಕರಣ ಹೈಕೋರ್ಟಿಗೆ ಏರಿದರೂ ಬೆಂಗಳೂರಿಗೆ ಅಲೆಯಬೇಕಿಲ್ಲ, ಕಲಬುರಗಿಯಲ್ಲೇ ಪೀಠವಿದೆ.